ಯಾವ ಪಂಕ್ತಿಯ ಸಾರು?

ವೈನ್ ಬಾಟಲಿಯ ಬೆನ್ನಿಗೆ ಅಂಟಿಸಿರುವ ಚೀಟಿಯನ್ನು ಓದಲು ಕನ್ನಡಕದ ಜೊತೆಗೆ ಸ್ವಲ್ಪ ಭಕ್ತಿಯೂ ಬೇಕು. ಮಾಗಿದ ಕಪ್ಪು ಹಣ್ಣು, ದೇವದಾರು ಮರ, ಹದಮಾಡಿದ ಚರ್ಮ, ತಂಬಾಕು, ಕೊನೆಯಲ್ಲಿ ಬಹಳ ಹೊತ್ತು ಉಳಿಯುವ ಮಸಾಲೆಯ ಘಮ ಎಂದೆಲ್ಲ ಅಲ್ಲಿ ಬರೆದಿರುತ್ತದೆ. ಗ್ರಂದಿಗೆ ಅಂಗಡಿ, ಚಪ್ಪಲಿ ಅಂಗಡಿ, ಮರದ ಡಿಪೋ ಮೂರನ್ನೂ ಒಂದೇ ಬಾಟಲಿಗೆ ತುಂಬಿ ಬಿರಡೆ ಜಡಿದಿದ್ದಾರೆ ಎಂದು ನಂಬಿ ಗ್ಲಾಸಿಗೆ ಸುರಿದುಕೊಂಡರೆ, ಸಾಮಾನ್ಯ ಮೂಗಿಗೆ ಮೊದಲು ಸಿಗುವುದು ವೈನಿನ ವಾಸನೆ. ಎರಡನೆಯ ಸಲ ಮೂಸಿದರೂ ವೈನಿನ ವಾಸನೆಯೇ. ಚೀಟಿಯ ಪಕ್ಕದಲ್ಲಿ ಚಿನ್ನದ ಬಣ್ಣದ ಇನ್ನೊಂದು ದುಂಡು ಚೀಟಿಯಿದ್ದು, ಅದರಲ್ಲಿ 91 ಎಂದು ಅಚ್ಚಾಗಿದ್ದರಂತೂ ಮುಗಿಯಿತು. ನೂರಕ್ಕೆ ತೊಂಬತ್ತೊಂದು ತೆಗೆದುಕೊಂಡ ವೈನು ಮೇಜಿನ ಮೇಲೆ ಠೀವಿಯಿಂದ ನಿಂತಿದೆ, ನಪಾಸಾಗಿರುವುದು ಕುಡಿಯುವವನು. ನನ್ನಂಥ ದಿನಬಳಕೆಯ ವೈನ್‌ಪ್ರಿಯರಿಗೆ ಈ ನಪಾಸಿನ ಅಳುಕು ಚೆನ್ನಾಗಿ ಗೊತ್ತು. ಅಳುಕಿಗೆ ಕಾರಣವಿಲ್ಲ ಅನ್ನುವುದು ನನ್ನ ವಾದ. ವೈನಿನ ಬಗ್ಗೆ ಬರೆಯುವವರು ನ್ಯಾಯಾಧೀಶರ ಪೀಠದಿಂದ ಇಳಿದು ಸಾಕ್ಷಿಯ ಕಟಕಟೆಗೆ ಬಂದು ನಿಂತರೆ ಸಾಕು. ಆ ಕಟಕಟೆಯಲ್ಲಿ ತಜ್ಞರಿಗೆ ಎಷ್ಟು ಜಾಗವಿದೆಯೋ ಸಂಬಳದ ದಿನ ಒಂದು ಬಾಟಲಿ ತರುವವನಿಗೂ ಅಷ್ಟೇ ಜಾಗವಿದೆ.

ನಮ್ಮ ಮದುವೆ ಊಟದ ವಿಮರ್ಶಕರು ಈ ಗುಟ್ಟನ್ನು ಎಂದೋ ಕಂಡುಕೊಂಡಿದ್ದಾರೆ. ಛತ್ರದ ಜಗುಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತ ಕೂತವರಲ್ಲಿ ಒಬ್ಬರು ‘ಸಾರು ಯಾಕೋ ಏಳಲಿಲ್ಲ’ ಅಂದರೆ, ಪಕ್ಕದವರು ಕೇಳುವ ಮೊದಲ ಪ್ರಶ್ನೆ ‘ನೀವು ಯಾವ ಪಂಕ್ತೀಲಿ ಕೂತಿದ್ರಿ?’ ಎಂದು. ಮೊದಲ ಪಂಕ್ತಿಯ ಸಾರಿಗೂ ಮೂರನೆಯ ಪಂಕ್ತಿಯ ಸಾರಿಗೂ ನಡುವೆ ಎಷ್ಟು ಚೊಂಬು ಬಿಸಿನೀರು ಬಿದ್ದಿದೆ ಎಂಬುದು ಅಡುಗೆಭಟ್ಟರಿಗೂ ದೇವರಿಗೂ ಮಾತ್ರ ಗೊತ್ತು. ಹಸಿದು ಕೂತವರ ಬಾಯಿ ಬೇರೆ, ಅದಕ್ಕೆ ಮೊದಲೇ ನಾಲ್ಕು ಬೋಂಡ ಮುಗಿಸಿ ಬಂದವರ ಬಾಯಿ ಬೇರೆ. ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಷ್ಟೆಲ್ಲ ವಿಚಾರಿಸಿಕೊಂಡ ಮೇಲೆಯೇ ಸಾರಿನ ಮಾತು. ಅಲ್ಲಿ ಯಾರೂ ಸಾರಿಗೆ ನೂರಕ್ಕೆ ಎಂಬತ್ತೇಳು ಅನ್ನುವುದಿಲ್ಲ. ಹಾಗೆಂದು ಆ ಮಾತಿಗೆ ಬೆಲೆ ಇಲ್ಲದೆಯೂ ಇಲ್ಲ. ಮುಂದಿನ ಮದುವೆಗೆ ಯಾವ ಭಟ್ಟರನ್ನು ಗೊತ್ತು ಮಾಡಬೇಕು ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ವೈನಿಗೆ ನೂರರ ಅಂಕ ಗಟ್ಟಿಯಾಗಿ ಅಂಟಿದ್ದು ರಾಬರ್ಟ್ ಪಾರ್ಕರ್ ಎಂಬ ಅಮೆರಿಕದ ವಕೀಲರಿಂದ. 1978ರಲ್ಲಿ ಅವರು ‘ದಿ ವೈನ್ ಅಡ್ವೊಕೇಟ್’ ಎಂಬ ಪತ್ರಿಕೆ ಶುರುಮಾಡಿದಾಗ ಅದಕ್ಕೊಂದು ಒಳ್ಳೆಯ ಉದ್ದೇಶವಿತ್ತು. ವೈನಿನ ಬಗ್ಗೆ ಬರೆಯುವವರಲ್ಲಿ ಹಲವರು ವೈನ್ ಮಾರಾಟದಲ್ಲೂ ಕೈ ಇಟ್ಟಿದ್ದ ಕಾಲ ಅದು. ಪಾರ್ಕರ್ ಜಾಹೀರಾತು ಬೇಡವೆಂದರು, ಗಿರಾಕಿಯ ಪರ ನಿಂತರು, ಶಾಲೆಯ ಅಂಕಪಟ್ಟಿಯ ಮಾದರಿಯಲ್ಲಿ ವೈನಿಗೆ ಅಂಕ ಕೊಟ್ಟರು. ಈ ಪದ್ಧತಿಯಲ್ಲಿ 50 ಅಂಕ ಯಾವ ವೈನಿಗಾದರೂ ಉಚಿತ. ಪೈಪೋಟಿಯೆಲ್ಲ ಉಳಿದ ಐವತ್ತಕ್ಕೆ. ಬೋರ್ಡೋ ಪ್ರಾಂತ್ಯದ 1982ರ ಬೆಳೆಯನ್ನು ಅವರು ಎತ್ತಿ ಹಿಡಿದರು, ಆ ಬೆಳೆ ಅವರನ್ನು ಎತ್ತಿ ಹಿಡಿಯಿತು. ಆಮೇಲೆ ತೊಂಬತ್ತು ದಾಟಿದ ಬಾಟಲಿ ಅಂಗಡಿಯಲ್ಲಿ ನಿಲ್ಲದಂತಾಯಿತು, ದಾಟದ್ದು ನಿಂತೇ ಇರುವಂತಾಯಿತು. ಅಂಕಕ್ಕೆ ನಮ್ಮ ಮನೆಗಳಲ್ಲಿ ಇರುವ ಮರ್ಯಾದೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಕಕ್ಕಿಂತ ಅದರ ಜೊತೆಗಿನ ಬರಹ ಮುಖ್ಯವೆಂದು ಪಾರ್ಕರ್ ಅವರೇ ಹೇಳುತ್ತಿದ್ದರು. ಆದರೆ ಅಂಕಪಟ್ಟಿ ಕೈಗೆ ಬಂದ ಮೇಲೆ ಮೇಷ್ಟರ ಷರಾ ಓದುವವರು ಯಾರು?

ಅಂಕ ನಿಜಕ್ಕೂ ವೈನಿನದೇ ಆಗಿದ್ದರೆ ಅದೇ ವೈನಿಗೆ ಅದೇ ತೀರ್ಪುಗಾರರು ಮತ್ತೆ ಅಷ್ಟೇ ಅಂಕ ಕೊಡಬೇಕು. ಇದನ್ನು ಪರೀಕ್ಷಿಸಿ ನೋಡಿದವರು ಕ್ಯಾಲಿಫೋರ್ನಿಯಾದ ರಾಬರ್ಟ್ ಹಾಡ್ಜ್‌ಸನ್. ಅವರು ನಿವೃತ್ತ ಪ್ರಾಧ್ಯಾಪಕರು, ಸಂಖ್ಯಾಶಾಸ್ತ್ರ ಬಲ್ಲವರು, ಜೊತೆಗೆ ಸಣ್ಣದೊಂದು ವೈನರಿಯ ಮಾಲೀಕರಾಗಿದ್ದವರು. ಒಂದು ಸ್ಪರ್ಧೆಯಲ್ಲಿ ಚಿನ್ನದ ಪದಕ ಪಡೆದ ತಮ್ಮ ವೈನು ಇನ್ನೊಂದರಲ್ಲಿ ಬರಿಗೈಯಲ್ಲಿ ಯಾಕೆ ಬರುತ್ತದೆ ಎಂಬ ಸಂಕಟ ಅವರನ್ನು ಈ ಕೆಲಸಕ್ಕೆ ಹಚ್ಚಿತು. ಕ್ಯಾಲಿಫೋರ್ನಿಯಾ ರಾಜ್ಯ ಮೇಳದ ಸ್ಪರ್ಧೆಯಲ್ಲಿ ತೀರ್ಪುಗಾರರ ಮುಂದೆ ಬರುವ ಸುಮಾರು ಮೂವತ್ತು ಗ್ಲಾಸುಗಳ ಸಾಲಿನಲ್ಲಿ, ಒಂದೇ ಬಾಟಲಿಯಿಂದ ಸುರಿದ ಮೂರು ಗ್ಲಾಸುಗಳನ್ನು ಗುಟ್ಟಾಗಿ ಸೇರಿಸುವ ಏರ್ಪಾಡಾಯಿತು. 2008ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮೂರೂ ಗ್ಲಾಸಿಗೆ ಒಂದೇ ಮಟ್ಟದ ಪದಕ ಕೊಡಲು ಸಾಧ್ಯವಾದದ್ದು ಶೇಕಡಾ 10ರಷ್ಟು ತೀರ್ಪುಗಾರರಿಗೆ ಮಾತ್ರ. ಇನ್ನೊಂದು ಶೇಕಡಾ 10ರಷ್ಟು ಜನ ಅದೇ ವೈನಿಗೆ ಒಮ್ಮೆ ಕಂಚು, ಇನ್ನೊಮ್ಮೆ ಚಿನ್ನ ಕೊಟ್ಟಿದ್ದರು. ಅವರು ಬೀದಿಯಿಂದ ಕರೆತಂದವರಲ್ಲ, ವೈನಿನಲ್ಲೇ ಬದುಕು ಸವೆಸಿದವರು. ಬೇರೆ ಬೇರೆ ಸ್ಪರ್ಧೆಗಳ ಫಲಿತಾಂಶಗಳನ್ನು ಒಟ್ಟಿಗಿಟ್ಟು ಮುಂದಿನ ವರ್ಷ ಹಾಡ್ಜ್‌ಸನ್ ನೋಡಿದಾಗ ಇನ್ನೂ ತಮಾಷೆ. ಮೂರಕ್ಕಿಂತ ಹೆಚ್ಚು ಸ್ಪರ್ಧೆಗಳಿಗೆ ಹೋಗಿದ್ದ 2,440 ವೈನ್‌ಗಳಲ್ಲಿ ಶೇಕಡಾ 47 ಎಲ್ಲೋ ಒಂದು ಕಡೆ ಚಿನ್ನ ಗೆದ್ದಿದ್ದವು. ಹಾಗೆ ಗೆದ್ದವುಗಳಲ್ಲಿ ಶೇಕಡಾ 84 ಮತ್ತೊಂದು ಕಡೆ ಏನೂ ಗಿಟ್ಟಿಸದೆ ವಾಪಸಾಗಿದ್ದವು. ಬಾಟಲಿಯ ಮೇಲಿನ ಚಿನ್ನದ ಚೀಟಿ ಹೇಳುವುದು ಒಂದು ಊರಿನ ಒಂದು ಬೆಳಗಿನ ಸುದ್ದಿಯನ್ನು. ಆ ಮೂರು ಗ್ಲಾಸುಗಳಲ್ಲಿ ವೈನು ಬದಲಾಗಿರಲಿಲ್ಲ, ಪಂಕ್ತಿ ಬದಲಾಗಿತ್ತು.

ಪಂಕ್ತಿ ಅಂದರೆ ಏನೇನು ಸೇರುತ್ತದೆ ಎಂದು ಕೇಳಿದರೆ, ಕಣ್ಣು ಮೊದಲು ಸೇರುತ್ತದೆ. 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೋರ್ಡೋ ವಿಶ್ವವಿದ್ಯಾಲಯದಲ್ಲಿ ವೈನ್‌ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಫ್ರೆಡೆರಿಕ್ ಬ್ರೋಶೆ ಮತ್ತು ಸಂಗಡಿಗರು ಒಂದು ಬಿಳಿ ವೈನನ್ನೂ, ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಅದೇ ಬಿಳಿ ವೈನನ್ನೂ ಕೊಟ್ಟರು. ಬಣ್ಣ ಬಳಿದುಕೊಂಡ ಬಿಳಿಯನ್ನು ವಿದ್ಯಾರ್ಥಿಗಳು ಕೆಂಪು ವೈನಿಗೆ ಮೀಸಲಾದ ಮಾತುಗಳಲ್ಲಿ ವರ್ಣಿಸಿದರು. ಕಣ್ಣಿನ ಹಿಂದೆ ಬರುವುದು ಜೇಬು. ಕ್ಯಾಲ್‌ಟೆಕ್ ಮತ್ತು ಸ್ಟ್ಯಾನ್‌ಫರ್ಡ್ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20 ಜನರನ್ನು ಮೆದುಳಿನ ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ ನಳಿಗೆಯ ಮೂಲಕ ವೈನು ಬಿಟ್ಟರು. ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದೂ ಇನ್ನೊಮ್ಮೆ 90 ಡಾಲರಿನದೆಂದೂ ಹೇಳಿದರು. ತೊಂಬತ್ತರ ವೈನು ಹೆಚ್ಚು ರುಚಿಸಿತು. ರುಚಿಸಿತೆಂದು ಬಾಯಲ್ಲಿ ಹೇಳಿದ್ದಷ್ಟೇ ಅಲ್ಲ, ಸುಖವನ್ನು ದಾಖಲಿಸುವ ಮೆದುಳಿನ ಭಾಗವೂ ಹೆಚ್ಚು ಚುರುಕಾಯಿತು. ಇಂಥ ಸುದ್ದಿ ಬಂದಾಗ ‘ನೋಡಿ, ಎಲ್ಲ ಬುರುಡೆ’ ಎಂದು ಚಪ್ಪಾಳೆ ತಟ್ಟುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ವಿದ್ಯಾರ್ಥಿಗಳೂ ಯಂತ್ರದಲ್ಲಿ ಮಲಗಿದವರೂ ಸುಳ್ಳು ಹೇಳಲಿಲ್ಲ. ಅವರ ಸುಖವೂ ನಿಜ, ಅವರು ಮೂಸಿದ್ದೂ ನಿಜ. ನಾಲಗೆಯೊಂದೇ ಎಲ್ಲೂ ಊಟಕ್ಕೆ ಹೋಗುವುದಿಲ್ಲ, ಕಣ್ಣು, ಜೇಬು, ಹೊಟ್ಟೆಗಳನ್ನು ಕಟ್ಟಿಕೊಂಡೇ ಹೋಗುತ್ತದೆ. ಅಂಕ ಅವೆಲ್ಲವನ್ನೂ ಬಾಗಿಲಲ್ಲೇ ನಿಲ್ಲಿಸಿ ಬಂದೆ ಎಂದು ಹೇಳಿಕೊಳ್ಳುತ್ತದೆ. ಸಾಕ್ಷಿ ಹೇಳುವವನು ಯಾರ ಜೊತೆ ಬಂದಿದ್ದೇನೆ ಎಂದು ಮೊದಲೇ ತಿಳಿಸುತ್ತಾನೆ.

ಹಾಗಾದರೆ ಯಾರು ಏನು ಬರೆದರೂ ಸರಿಯೇ, ಕಲಿತವರಿಗೂ ಕಲಿಯದವರಿಗೂ ವ್ಯತ್ಯಾಸವೇ ಇಲ್ಲವೇ ಎಂಬ ಆಕ್ಷೇಪ ಇಲ್ಲಿ ಏಳಬೇಕಾದ್ದೇ. ವ್ಯತ್ಯಾಸ ಇದೆ. ಶಿರಾಜ್ ವೈನಿನಲ್ಲಿ ಕಾಳುಮೆಣಸಿನ ವಾಸನೆ ಬರುತ್ತದೆ ಎಂದು ಬರೆಯುವವರನ್ನು ಬಹಳ ಕಾಲ ಕವಿಗಳ ಪಟ್ಟಿಗೆ ಸೇರಿಸಲಾಗಿತ್ತು. 2008ರಲ್ಲಿ ಆಸ್ಟ್ರೇಲಿಯಾದ ವೈನ್ ಸಂಶೋಧಕರು ಆ ವಾಸನೆಗೆ ಕಾರಣವಾದ ರೊಟಂಡೋನ್ ಎಂಬ ವಸ್ತುವನ್ನು ಪತ್ತೆಹಚ್ಚಿದರು. ನಮ್ಮ ಮಲೆನಾಡಿನಲ್ಲಿ ಅಡಿಕೆ ಮರಕ್ಕೆ ಹಬ್ಬಿಸುವ ಮೆಣಸಿನ ಕಾಳಿನಲ್ಲಿ ಘಮಘಮಿಸುವುದೂ ಅದೇ ವಸ್ತು. ಓಕ್ ಪೀಪಾಯಿಯಲ್ಲಿ ಕೂತ ವೈನಿನಲ್ಲಿ ಲವಂಗ ಕಂಡವರೂ ಕತೆ ಕಟ್ಟಿದ್ದಲ್ಲ. ಲವಂಗದಲ್ಲಿರುವ ಯೂಜಿನಾಲ್ ಎಂಬ ವಸ್ತು ಸುಟ್ಟ ಓಕ್ ಮರದಿಂದಲೂ ಇಳಿಯುತ್ತದೆ. ಬಿರಡೆಯ ಬೂಷ್ಟಿನಿಂದ ಹುಟ್ಟುವ ಒದ್ದೆ ರಟ್ಟಿನ ವಾಸನೆಯನ್ನು ಪಳಗಿದ ಮೂಗು ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಹಿಡಿಯುತ್ತದೆ. ಅಂಥ ಬಾಟಲಿಯನ್ನು ‘ಮಣ್ಣಿನ ಸೊಗಡು’ ಎಂದು ಹೊಗಳಿ ಕುಡಿದು ಮುಗಿಸುವವರಿಗೆ ತಜ್ಞರ ಅಗತ್ಯ ಖಂಡಿತ ಇದೆ. ಆದರೆ ರೊಟಂಡೋನ್ ಕತೆಗೆ ಒಂದು ಬಾಲವಿದೆ. ಅದೇ ಸಂಶೋಧಕರು ಕಂಡುಕೊಂಡಂತೆ ಐವರಲ್ಲಿ ಒಬ್ಬರಿಗೆ, ಎಷ್ಟು ಹೆಚ್ಚು ಬೆರೆಸಿ ಕೊಟ್ಟರೂ ಆ ವಾಸನೆ ಹತ್ತುವುದಿಲ್ಲ. ಮೂಗು ಕೆಟ್ಟದ್ದಲ್ಲ, ಹುಟ್ಟಿದ್ದೇ ಹಾಗೆ. ಮೆಣಸು ಬಾಟಲಿಯಲ್ಲಿ ಇದೆ. ಆದರೂ ಆ ಐದನೆಯವರ ಗ್ಲಾಸಿನಲ್ಲಿ ಇಲ್ಲ. ‘ನನಗೆ ಮೆಣಸು ಸಿಕ್ಕಿತು’ ಎಂದು ಬರೆದ ಸಾಕ್ಷಿಯ ಮಾತು ಇಬ್ಬರ ಮುಂದೆಯೂ ನಿಲ್ಲುತ್ತದೆ. ‘ಈ ವೈನಿಗೆ ತೊಂಬತ್ತೆರಡು’ ಎಂಬ ತೀರ್ಪು ಐದನೆಯವರ ಮುಂದೆ ಕಂಗಾಲಾಗುತ್ತದೆ.

ತಜ್ಞರ ಪರವಾಗಿ ಇನ್ನೊಂದು ಮಾತು ಹೇಳುವುದುಂಟು. ಹೆಸರು ಮುಚ್ಚಿಟ್ಟು ರುಚಿ ನೋಡುವಾಗ ಅವರು ನಿಷ್ಪಕ್ಷಪಾತಿಗಳು. 1976ರ ಮೇ 24ರಂದು ಪ್ಯಾರಿಸ್‌ನಲ್ಲಿ ನಡೆದದ್ದೇ ಸಾಕ್ಷಿ. ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವ್ಯಾಪಾರಿ ಏರ್ಪಡಿಸಿದ ಆ ರುಚಿ ಪರೀಕ್ಷೆಯಲ್ಲಿ ಫ್ರೆಂಚ್ ತೀರ್ಪುಗಾರರೇ ಕೆಂಪಿನಲ್ಲೂ ಬಿಳಿಯಲ್ಲೂ ಕ್ಯಾಲಿಫೋರ್ನಿಯಾದ ವೈನುಗಳಿಗೆ ಮೊದಲ ಸ್ಥಾನ ಕೊಟ್ಟುಬಿಟ್ಟರು. ಚೀಟಿ ಕಾಣದಿದ್ದರೆ ದೇಶಾಭಿಮಾನ ಕೆಲಸ ಮಾಡುವುದಿಲ್ಲ ಎಂಬುದನ್ನು ಅದು ಚೆನ್ನಾಗಿ ತೋರಿಸಿತು. ಒಪ್ಪೋಣ. ಆದರೆ ಮುಚ್ಚಿದ ಬಾಟಲಿಯ ಪಂಕ್ತಿಯೂ ಒಂದು ಪಂಕ್ತಿಯೇ, ಅದೂ ಬಹಳ ವಿಚಿತ್ರವಾದದ್ದು. ಅಲ್ಲಿ ಊಟವಿಲ್ಲ, ಮಾತಿಲ್ಲ. ಒಂದು ಗುಟುಕು ಬಾಯಲ್ಲಿ ಹೊರಳಿಸಿ ಪೀಕದಾನಿಗೆ ಉಗುಳಿ ಮುಂದಿನ ಗ್ಲಾಸಿಗೆ ಹೋಗಬೇಕು. ಸಾಲಾಗಿ ಮೂವತ್ತು ಗುಟುಕು ನೋಡುವಾಗ ಗಮನ ಸೆಳೆಯುವುದು ದಪ್ಪ ದನಿಯ ವೈನು: ಹೆಚ್ಚು ಹಣ್ಣು, ಹೆಚ್ಚು ಓಕ್, ಹೆಚ್ಚು ಆಲ್ಕೋಹಾಲ್. ಮನೆಯಲ್ಲಿ ಕುಡಿಯುವವನು ಉಗುಳುವುದಿಲ್ಲ. ದುಡ್ಡು ಕೊಟ್ಟು ತಂದದ್ದನ್ನು ಉಗುಳುವಷ್ಟು ವೈರಾಗ್ಯ ಅವನಿಗೆ ಬಂದಿರುವುದಿಲ್ಲ. ಅವನದು ಒಂದು ಗಂಟೆಯ ಊಟದ ಜೊತೆಗಿನ ಒಂದೂವರೆ ಗ್ಲಾಸು. ಅಷ್ಟು ಹೊತ್ತು ದಪ್ಪ ದನಿಯ ಜೊತೆ ಸಂಸಾರ ಮಾಡುವುದು ಸುಲಭವಲ್ಲ. ನಮ್ಮ ಊಟದಲ್ಲಿ ಖಾರ ಬೇರೆ ಇದೆ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಕಂಡು ಹೆದರಬೇಕಿಲ್ಲ, ಗುಂಟೂರಿನದು ಸೇರಿದ್ದರೆ ಕಷ್ಟ: ಆಲ್ಕೋಹಾಲ್ ಆ ಉರಿಯನ್ನು ಇನ್ನಷ್ಟು ಎಬ್ಬಿಸುತ್ತದೆ, ಕೆಂಪು ವೈನಿನ ಒಗರು ಅದರ ಮೇಲೆ ಕೂತು ಕಹಿಯಾಗುತ್ತದೆ. ಪದಕ ಗೆದ್ದ ಕ್ಯಾಬರ್ನೆ ಎಂಬ ಕೆಂಪು ವೈನು ಕೋಳಿ ಸಾರಿನ ಎದುರು ಮುಖ ಸಿಂಡರಿಸಿಕೊಂಡು ಕೂತಾಗ, ಯಾವ ಸ್ಪರ್ಧೆಗೂ ಹೋಗದ, ಚೂರು ಸಿಹಿ ಉಳಿಸಿಕೊಂಡ ತಣ್ಣನೆಯ ಚೆನಿನ್ ಬ್ಲಾಂಕ್ ಎಂಬ ಬಿಳಿ ವೈನು ಹೊಂದಿಕೊಂಡು ಹೋಗುತ್ತದೆ.

ಬಾಟಲಿ ಎಲ್ಲಿಂದ ಬಂತು ಎಂಬುದನ್ನೂ ಸಾಕ್ಷಿ ಹೇಳಬೇಕಾಗುತ್ತದೆ. ನಮ್ಮ ಊರುಗಳಲ್ಲಿ ‘ವೈನ್ ಸ್ಟೋರ್’ ಎಂಬ ಬೋರ್ಡಿನ ಕೆಳಗೆ ಮಾರಾಟವಾಗುವುದು ಬಹುಪಾಲು ಬ್ರಾಂದಿ, ವಿಸ್ಕಿ, ರಮ್ಮು. ವೈನಿಗೆ ಸಿಗುವುದು ಮೇಲಿನ ಕಪಾಟಿನ ಮೂಲೆ, ಟ್ಯೂಬ್‌ಲೈಟಿನ ಪಕ್ಕ. ಬಲೆಗಂಬಿಯಾಚೆಯಿಂದ ಹುಡುಗ ಸ್ಟೂಲು ಹತ್ತಿ ಬಾಟಲಿ ಇಳಿಸಿ, ಧೂಳನ್ನು ಅಂಗೈಯಿಂದ ಒರೆಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಡುತ್ತಾನೆ. ಒಂದು ರಾಯಚೂರಿನ ಬೇಸಿಗೆಯನ್ನು ಆ ಕಪಾಟಿನಲ್ಲಿ ಕಳೆದ ವೈನು ಬಾಟಲಿಯೊಳಗೇ ಬೆಂದು ಹೋಗಿರುತ್ತದೆ. ನಂದಿ ಬೆಟ್ಟದ ಬುಡದ ತೋಟದಿಂದ ಹೊರಟಾಗ ಇದ್ದ ಹಣ್ಣಿನ ತಾಜಾತನ ಹೋಗಿ ಕುದಿಸಿದ ಜಾಮಿನ ಮಂಕು ರುಚಿ ಉಳಿದಿರುತ್ತದೆ. ಕೆಂಪು ವೈನನ್ನು ಕೋಣೆಯ ಶಾಖದಲ್ಲಿ ಕುಡಿಯಬೇಕು ಎಂಬ ಸಲಹೆಯೂ ಹೀಗೇ ಯಾರದೋ ಪಂಕ್ತಿಯಿಂದ ನಮಗೆ ಬಂದದ್ದು. ಅದು ಹೇಳುತ್ತಿರುವುದು ಹದಿನಾರರಿಂದ ಹದಿನೆಂಟು ಡಿಗ್ರಿಯ ಯುರೋಪಿನ ಕೋಣೆಯನ್ನು. ಏಪ್ರಿಲ್‌ನಲ್ಲಿ ಫ್ಯಾನು ಬಿಸಿಗಾಳಿ ಬೀಸುವ ಕೋಣೆಯಲ್ಲಿ ಕೆಂಪು ವೈನನ್ನು ಹಾಗೇ ಸುರಿದುಕೊಂಡರೆ ಮೂಗಿಗೆ ಮೊದಲು ರಾಚುವುದು ಸ್ಪಿರಿಟ್ಟು. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಅದೇ ಬಾಟಲಿ ಮನುಷ್ಯರ ಹಾಗೆ ಮಾತಾಡುತ್ತದೆ. ಇದನ್ನು ಬರೆಯುವ ಅಂಕಪಟ್ಟಿ ಎಲ್ಲೂ ಸಿಗುವುದಿಲ್ಲ.

ಸಾಮಾನ್ಯ ಕುಡಿಯುವವರಿಗೆ ವರ್ಣಿಸಲು ಮಾತು ಎಲ್ಲಿಂದ ಬರಬೇಕು ಎಂದು ಕೇಳಬಹುದು. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆ್ಯನ್ ನೋಬಲ್ 1980ರ ದಶಕದಲ್ಲಿ ರೂಪಿಸಿದ ಪರಿಮಳದ ಚಕ್ರ ಇದಕ್ಕೆ ಒಳ್ಳೆಯ ಉತ್ತರ. ‘ಭವ್ಯ’, ‘ಸುಸಂಸ್ಕೃತ’ ಎಂಬಂಥ ಗಾಳಿಮಾತುಗಳನ್ನು ಬಿಟ್ಟು, ಮೂಸಿ ಗುರುತಿಸಬಹುದಾದ ವಸ್ತುಗಳ ಹೆಸರನ್ನೇ ಆಕೆ ಚಕ್ರದಲ್ಲಿ ಜೋಡಿಸಿದರು. ಕಲಿಯುವ ದಾರಿಯೂ ಸರಳ: ಅಗ್ಗದ ವೈನಿನ ಗ್ಲಾಸಿಗೆ ಒಂದು ಚೂರು ದೊಣ್ಣೆಮೆಣಸಿನಕಾಯಿ ಹಾಕಿ ಮೂಸಿ, ಆಮೇಲೆ ಬರಿಯ ಕ್ಯಾಬರ್ನೆ ಮೂಸಿ ನೋಡಿ. ಅವರ ಚಕ್ರದಲ್ಲಿರುವುದು ಅವರ ಊರಿನ ಅಂಗಡಿಯ ಸಾಮಾನು. ನಮ್ಮ ಸಂತೆಯಲ್ಲಿ ನೇರಳೆ, ಸೀಬೆ, ಪುನರ್ಪುಳಿ, ಬೆಲ್ಲ, ಹೊಗೆಸೊಪ್ಪು ಎಲ್ಲವೂ ಸಿಗುತ್ತವೆ. ಕಾಣದ ಕಪ್ಪು ಕರಂಟ್ ಹಣ್ಣಿಗಾಗಿ ಪರದಾಡುವುದಕ್ಕಿಂತ ಹೀಗೆ ಬರೆದರೆ ಓದುವವರಿಗೆ ಉಪಕಾರ: ‘ಫ್ರಿಜ್ಜಿನಿಂದ ತೆಗೆದಾಗ ಬರೀ ತಣ್ಣಗಿತ್ತು, ಕಾಲು ಗಂಟೆ ಕಳೆದ ಮೇಲೆ ಸೀಬೆಕಾಯಿ ಹೆಚ್ಚಿದ ವಾಸನೆ ಬಂತು. ಕೋರಿ ರೊಟ್ಟಿಗೆ ಹೊಂದಿತು, ಮೊಸರನ್ನಕ್ಕೆ ಹೊಂದಲಿಲ್ಲ. ಮಾರನೆಯ ದಿನಕ್ಕೆ ಸಪ್ಪೆ. ಇದೇ ದುಡ್ಡಿಗೆ ಇನ್ನೊಂದು ತರಬಹುದು, ಆದರೆ ಬೀಗರ ಮುಂದೆ ಇಡುವಂಥದ್ದಲ್ಲ.’ ಇದರಲ್ಲಿ ಅಂಕವಿಲ್ಲ, ದೇವದಾರು ಇಲ್ಲ. ಆದರೆ ಮುಂದಿನ ಶನಿವಾರ ಏನು ಮಾಡಬೇಕೆಂಬುದು ತಿಳಿಯುತ್ತದೆ. ಇಷ್ಟು ಸಾಧಾರಣ ಬಾಟಲಿಗೂ ವಿಮರ್ಶೆ ಬೇಕೇ ಎಂದರೆ, ಬೇಕಿರುವುದು ಅದಕ್ಕೇ. ಬೋರ್ಡೋದ ಮಹಾ ಮನೆತನಗಳ ಬಗ್ಗೆ ಬರೆಯಲು ಜನ ಇದ್ದಾರೆ, ಓದುಗರಲ್ಲಿ ಕುಡಿದವರು ಇಲ್ಲ.

ಮದ್ಯದ ಬಗ್ಗೆ ಇಷ್ಟು ನಾಜೂಕು ಮಾತೇಕೆ, ಅದು ಮನೆ ಮುರಿಯುವ ವಸ್ತು ಎಂಬ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಇಷ್ಟು ಕುಡಿದರೆ ಅಪಾಯವಿಲ್ಲ ಎಂಬ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ‘ಕೆಂಪು ವೈನು ಹೃದಯಕ್ಕೆ ಒಳ್ಳೆಯದಂತೆ’ ಎಂಬ ಹಳೆಯ ಸಮಾಧಾನವನ್ನು ಇನ್ನು ಮಡಿಚಿಡಬೇಕು. ನಮ್ಮ ಸರ್ಕಾರಕ್ಕೂ ಈ ವಿಷಯದಲ್ಲಿ ಎರಡು ಮನಸ್ಸು. ಸಾರಾಯಿಯನ್ನು ನಿಷೇಧಿಸಿದ್ದು 2007ರಲ್ಲಿ, ದ್ರಾಕ್ಷಿ ಬೆಳೆಗಾರರಿಗೆ ನೆರವಾಗಲೆಂದು ವೈನ್ ನೀತಿ ತಂದದ್ದೂ ಅದೇ 2007ರಲ್ಲಿ. ಆದರೆ ಅಮಲಿಗಾಗಿ ಕುಡಿಯುವವರು ವಿಮರ್ಶೆ ಬರೆಯುವುದಿಲ್ಲ, ಓದುವುದೂ ಇಲ್ಲ. ಗ್ಲಾಸಿನಲ್ಲಿ ಏನಿದೆ ಎಂದು ಬರೆಯಬೇಕಾದವರು ನಿಧಾನಿಸಬೇಕು, ಮೂರನೆಯ ಗ್ಲಾಸಿನ ಹೊತ್ತಿಗೆ ಬರಹ ತಾನೇ ಕೈಕೊಡುತ್ತದೆ. ಎರಡನೆಯದು ಬೇಕೆನಿಸಲಿಲ್ಲ ಎಂದು ಬರೆದಿಡುವುದೂ ವಿಮರ್ಶೆಯೇ; ನೂರರ ಅಳತೆಯಲ್ಲಿ ಅದಕ್ಕೊಂದು ಜಾಗವಿಲ್ಲ ಅಷ್ಟೇ.

ಈ ವಾದಕ್ಕೆ ಅತ್ಯಂತ ಕಠಿಣವಾದ ಪ್ರಕರಣ ನಮ್ಮದೇ ಬೆಂಗಳೂರು ಬ್ಲೂ ದ್ರಾಕ್ಷಿ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಈ ಕಡುನೀಲಿ ಹಣ್ಣಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ದ್ರಾಕ್ಷಿ ತಳಿಗಳನ್ನು ಬಲ್ಲವರು ಇದನ್ನು ಅಮೆರಿಕ ಮೂಲದ ಇಸಬೆಲ್ಲಾ ಎಂದು ಗುರುತಿಸುತ್ತಾರೆ, ಆ ಇಸಬೆಲ್ಲಾದಿಂದ ಮಾಡಿದ ವೈನನ್ನು ಯುರೋಪಿನ ಒಕ್ಕೂಟದಲ್ಲಿ ಮಾರಲು ಬಿಡುವುದಿಲ್ಲ. ಅಮೆರಿಕದ ಈ ದ್ರಾಕ್ಷಿ ಕುಲಕ್ಕೆ ತನ್ನದೇ ಒಂದು ಗಾಢ ವಾಸನೆಯಿದೆ; ಅದಕ್ಕೆ ಕಾರಣವಾದ ವಸ್ತುಗಳಲ್ಲಿ ಒಂದನ್ನೇ ನೇರಳೆ ಬಣ್ಣದ ದ್ರಾಕ್ಷಿ ಪೆಪ್ಪರಮೆಂಟಿಗೂ ಹಾಕುತ್ತಾರೆ. ತಜ್ಞರ ಪುಸ್ತಕದಲ್ಲಿ ಅದು ದೋಷ. ಮಂಗಳೂರಿನ, ಬೆಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಭರಣಿಗೆ ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ ಲವಂಗ ಹಾಕಿ ಕ್ರಿಸ್ಮಸ್ಸಿಗೆ ಇಳಿಸುವ ಸಿಹಿ ವೈನಿನಲ್ಲಿ ಅದೇ ವಾಸನೆ ಬರದಿದ್ದರೆ ಈ ಸಲ ದ್ರಾಕ್ಷಿ ಸರಿಯಿರಲಿಲ್ಲ ಎಂದು ಹಿರಿಯರು ಗೊಣಗುತ್ತಾರೆ. ತೀರ್ಪು ಕೊಡುವವರು ಇಲ್ಲಿ ಪುಸ್ತಕವನ್ನೋ ಹಿರಿಯರನ್ನೋ ಆರಿಸಿಕೊಳ್ಳಬೇಕು. ಸಾಕ್ಷಿಗೆ ಆ ಕಷ್ಟವಿಲ್ಲ: ಪೆಪ್ಪರಮೆಂಟಿನ ವಾಸನೆ ಜೋರಾಗಿದೆ, ಸಿಹಿ ಹೆಚ್ಚು, ಸಣ್ಣ ಗ್ಲಾಸು ಸಾಕು, ಪ್ಲಮ್ ಕೇಕಿನ ಜೊತೆ ಬಹಳ ಚೆನ್ನ ಎಂದು ಬರೆದು, ಮಟನ್ ಸಾರಿನ ಹತ್ತಿರ ಇದನ್ನು ತರಬೇಡಿ ಎಂಬ ಎಚ್ಚರಿಕೆಯನ್ನೂ ಅದೇ ಸಾಲಿಗೆ ಸೇರಿಸಬಹುದು.